ಒರೆಗೆ ಹಚ್ಚಬೇಕಾದದ್ದು ಯಾರ ಚಿನ್ನ?

ನಂಬಿಕೆಯನ್ನು ಪರೀಕ್ಷೆಗೆ ಒಡ್ಡಬಹುದೇ? ಒಡ್ಡಿದ ಮೇಲೂ ಅದು ನಂಬಿಕೆಯಾಗಿ ಉಳಿದೀತೇ? ಇದು ಹಳೆಯ ಪ್ರಶ್ನೆ. ಊರಿನಲ್ಲಿದ್ದಾಗ ಇದು ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಅಲ್ಲಿ ಸುತ್ತಲಿನ ನಾಲ್ಕು ಮನೆಯವರೂ ನಮ್ಮಂತೆಯೇ ನಂಬಿರುತ್ತಾರೆ. ಏಕೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಊರು ಬಿಟ್ಟು ಬಂದವರ ಸ್ಥಿತಿ ಬೇರೆ. ಧಾರವಾಡದಿಂದಲೋ ಉಡುಪಿಯಿಂದಲೋ ಹಾಸನದಿಂದಲೋ ಬಂದು ಈ ಪುಣೆಯಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಮಕ್ಕಳು ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಹೋಗಿ ಬರುತ್ತಾರೆ. ಸಂಜೆ ಊಟಕ್ಕೆ ಕುಳಿತಾಗ, "ನಾವೇಕೆ ಹೀಗೆ ಮಾಡುತ್ತೇವೆ? ಪಕ್ಕದ ಮನೆಯವರು ಮಾಡುವುದಿಲ್ಲವಲ್ಲ?" ಎಂದು ಕೇಳುತ್ತಾರೆ. ಆಗ ನಮ್ಮಲ್ಲಿ ಕೆಲವರು "ಹಿರಿಯರು ಹೇಳಿದ್ದಾರೆ, ಸುಮ್ಮನೆ ಊಟ ಮಾಡು" ಎನ್ನುತ್ತೇವೆ. ಇನ್ನು ಕೆಲವರು "ಅದೆಲ್ಲ ಹಳೆಯ ಕಾಲದ ಮಾತು ಬಿಡು" ಎಂದು ನಕ್ಕುಬಿಡುತ್ತೇವೆ. ಎರಡೂ ಉತ್ತರಗಳಲ್ಲಿ ಒಂದು ಸಾಮ್ಯವಿದೆ. ನಂಬಿಕೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುವ ಶ್ರಮವನ್ನು ಎರಡೂ ತಪ್ಪಿಸುತ್ತವೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಇಲ್ಲಿ ಸ್ವಲ್ಪ ಬಳಸುದಾರಿ ಹಿಡಿಯುತ್ತೇವೆ, ಓದುಗರು ಸೈರಿಸಿಕೊಳ್ಳಬೇಕು. ಬಿ.ಎಸ್ಸಿ. ಮುಗಿಸಿ ಕೇಂದ್ರ ಸರಕಾರದ ಕಡತಗಳ ನಡುವೆ ವರ್ಷಗಳನ್ನು ಕಳೆದವರು ನಾವು, ಭೌತಶಾಸ್ತ್ರದ ಪಂಡಿತರಲ್ಲ. ಆದರೆ ಕಾಲೇಜು ಬಿಟ್ಟ ಮೇಲೂ ಆ ಶಾಸ್ತ್ರದ ಸೆಳೆತ ಬಿಟ್ಟಿಲ್ಲ. ಅದರಲ್ಲಿಯೂ ಮೂಲಕಣಗಳನ್ನು ಕುರಿತ ಸಿದ್ಧಾಂತವನ್ನು ವಿಜ್ಞಾನಿಗಳು ಪರೀಕ್ಷಿಸುತ್ತಿರುವ ಬಗೆಯನ್ನು ಓದಿದಾಗಲೆಲ್ಲ, ಇದು ಬರೀ ವಿಜ್ಞಾನದ ಮಾತಲ್ಲ, ನಡತೆಯ ಮಾತೂ ಹೌದು ಎಂದು ನಮಗೆ ಅನಿಸಿದೆ.

ಮೊದಲು ನಮ್ಮ ಊರಿನಿಂದಲೇ ಆರಂಭಿಸೋಣ. ಪಾಷಾಣದ ಕಡೆಗೆ ಹೋಗುವ ರಸ್ತೆಗೆ ಡಾ. ಹೋಮಿ ಭಾಭಾ ಅವರ ಹೆಸರಿದೆ. ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಇರುವುದು ಈ ರಸ್ತೆಯಲ್ಲಿ. ೨೦೦೬ರಲ್ಲಿ ಆರಂಭವಾದ ಐಸರ್ ಸಂಸ್ಥೆಯೂ ಇಲ್ಲಿಯೇ ಇದೆ. ಭಾಭಾ ಎಂದೊಡನೆ ನಮಗೆ ಅಣುಶಕ್ತಿ ನೆನಪಾಗುತ್ತದೆ. ಆದರೆ 'ಮೇಸಾನ್' ಎಂಬ ಹೆಸರನ್ನು ಸೂಚಿಸಿದವರೂ ಅವರೇ ಎಂಬುದು ಎಷ್ಟೋ ಜನರಿಗೆ ತಿಳಿಯದು. ವಿಶ್ವಕಿರಣಗಳಲ್ಲಿ ಎಲೆಕ್ಟ್ರಾನಿಗಿಂತ ಭಾರವಾದ, ಪ್ರೋಟಾನಿಗಿಂತ ಹಗುರವಾದ ಒಂದು ಕಣ ಆಗ ಕಾಣಿಸಿಕೊಂಡಿತ್ತು. ಅದನ್ನು 'ಮೆಸೊಟ್ರಾನ್' ಎಂದು ಕರೆಯುತ್ತಿದ್ದರು. 'ನಡುವಿನದು' ಎಂಬ ಅರ್ಥದ ಗ್ರೀಕ್ ಪದದಲ್ಲಿ 'ಟ್ರ' ಎಂಬ ಅಕ್ಷರವೇ ಇಲ್ಲ. 'ಎಲೆಕ್ಟ್ರಾನ್' ಪದದಲ್ಲಿ ಅದು ಮೂಲಧಾತುವಿನದು. ಆದ್ದರಿಂದ 'ಮೇಸಾನ್' ಸಾಕು ಎಂದು ಭಾಭಾ ೧೯೩೯ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ರಜೆಗೆಂದು ಭಾರತಕ್ಕೆ ಬಂದಿದ್ದಾಗ ಮಹಾಯುದ್ಧ ಆರಂಭವಾಯಿತು. ಕೇಂಬ್ರಿಜ್ಜಿಗೆ ಮರಳಲಾಗದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ೧೯೪೫ರಲ್ಲಿ ಹುಟ್ಟಿದ್ದು ಅಲ್ಲಿಯೇ. ಅದೇ ವರ್ಷ ಅದು ಮುಂಬಯಿಗೆ ವಲಸೆ ಬಂತು. ನಮ್ಮ ಹಾಗೆಯೇ ಎನ್ನಬಹುದು.

ಒಂದು ಸ್ವಾರಸ್ಯವನ್ನು ಗಮನಿಸಬೇಕು. ಭಾಭಾ ಯಾವ ಕಣಕ್ಕೆ ಆ ಹೆಸರಿಟ್ಟರೋ ಆ ಕಣ ಇಂದು ಮೇಸಾನ್ ಎನಿಸಿಕೊಂಡಿಲ್ಲ. ಅದು ಎಲೆಕ್ಟ್ರಾನಿನ ಬಳಗಕ್ಕೆ ಸೇರಿದ 'ಮ್ಯುಆನ್' ಎಂದು ಮುಂದೆ ತಿಳಿಯಿತು. ಹೆಸರು ಬೇರೆ ಕಣಗಳ ಪಾಲಾಯಿತು. ಪರೀಕ್ಷೆಯ ಮುಂದೆ ನಾಮಕರಣವೂ ನಿಲ್ಲಲಿಲ್ಲ. ಇದರಿಂದ ಭಾಭಾ ಅವರ ಗೌರವಕ್ಕೆ ಕುಂದೇನೂ ಬರಲಿಲ್ಲ.

ಇಂದಿನ ತಿಳುವಳಿಕೆಯಂತೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು ತಲಾ ಮೂರು ಕ್ವಾರ್ಕ್‌ಗಳಿಂದಾದವು. ಮೇಸಾನ್ ಎಂದರೆ ಒಂದು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕಿನ ಜೋಡಿ. ಕ್ವಾರ್ಕ್‌ಗಳಲ್ಲಿ ಆರು ಬಗೆ: ಅಪ್, ಡೌನ್, ಸ್ಟ್ರೇಂಜ್, ಚಾರ್ಮ್, ಬಾಟಮ್, ಟಾಪ್. ಈ ಬಗೆಗಳಿಗೆ ವಿಜ್ಞಾನಿಗಳು ಇಟ್ಟ ಹೆಸರು 'ಫ್ಲೇವರ್'. ಅಮೆರಿಕದ ಒಂದು ಐಸ್‌ಕ್ರೀಂ ಅಂಗಡಿಯ ಮುಂದೆ ಇಬ್ಬರು ವಿಜ್ಞಾನಿಗಳಿಗೆ ಹೊಳೆದ ಹೆಸರು ಇದು ಎಂದು ಹೇಳುತ್ತಾರೆ. ಕನ್ನಡದಲ್ಲಿ ನಾವು 'ರುಚಿ' ಎನ್ನೋಣ.

ಈ ರುಚಿಗಳು ಸ್ಥಿರವಲ್ಲ. ಇದೇ ಇಲ್ಲಿಯ ವಿಶೇಷ. ೧೯೪೭ರಲ್ಲಿ ವಿಶ್ವಕಿರಣಗಳಲ್ಲಿ ಸಿಕ್ಕಿದ 'ಕೆ' ಮೇಸಾನುಗಳಲ್ಲಿ ವಿದ್ಯುದಂಶವಿಲ್ಲದ ಒಂದು ಬಗೆಯಿದೆ. ಅದಕ್ಕೊಂದು ಪ್ರತಿಕಣವೂ ಇದೆ. ಈ ಎರಡೂ ಕಣಗಳು, ಯಾರೂ ಮುಟ್ಟದಿದ್ದರೂ, ಹಾರುತ್ತ ಹಾರುತ್ತ ತಾವೇ ಒಂದು ಇನ್ನೊಂದಾಗುತ್ತವೆ. 'ಕೆ' ಆಗಿ ಹುಟ್ಟಿದ್ದು 'ಪ್ರತಿ-ಕೆ' ಆಗಿ ಸಾಯಬಹುದು. ಇದಕ್ಕೆ ಮಿಶ್ರಣ ಎಂದು ಹೆಸರು. ೧೯೫೫ರಲ್ಲಿ ಗೆಲ್‌ಮನ್ ಮತ್ತು ಪೈಸ್ ಎಂಬುವರು ಲೆಕ್ಕದಿಂದಲೇ ಇದನ್ನು ಊಹಿಸಿದರು. ಅಂಥ ಮಿಶ್ರಣ ಇದ್ದರೆ ಎರಡು ಬಗೆಯ ಆಯುಸ್ಸು ಕಾಣಬೇಕು, ಒಂದು ಅಲ್ಪಾಯು, ಒಂದು ದೀರ್ಘಾಯು ಎಂದರು. ಮರುವರ್ಷವೇ ದೀರ್ಘಾಯು ಕಂಡುಬಂತು. ಅದು ಅಲ್ಪಾಯುವಿಗಿಂತ ಸುಮಾರು ೫೭೦ ಪಟ್ಟು ಹೆಚ್ಚು ಬಾಳುತ್ತದೆ. ಎರಡರ ತೂಕದಲ್ಲಿರುವ ಅಂತರವೋ ನೂರು ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಇಷ್ಟು ಸೂಕ್ಷ್ಮವಾದದ್ದನ್ನು ಅಳೆಯುವುದೇಕೆ ಎಂದು ಯಾರಾದರೂ ಕೇಳಬಹುದು.

ಲೆಕ್ಕಪತ್ರದ ಕೆಲಸ ಗೊತ್ತಿದ್ದವರಿಗೆ ಇದು ಕಷ್ಟದ ಪ್ರಶ್ನೆಯಲ್ಲ. ತಿಂಗಳ ಕೊನೆಯಲ್ಲಿ ತಾಳೆ ನೋಡುವಾಗ ಹತ್ತು ಪೈಸೆ ವ್ಯತ್ಯಾಸ ಬಂದರೆ, ಕೈಯಿಂದ ಹತ್ತು ಪೈಸೆ ಹಾಕಿ ಮುಗಿಸುವುದು ಹೊಸಬನ ಬುದ್ಧಿ. ಹಳೆಯ ಗುಮಾಸ್ತ ಹಾಗೆ ಮಾಡುವುದಿಲ್ಲ. ಆ ಹತ್ತು ಪೈಸೆಯ ಹಿಂದೆ ಸಾವಿರಾರು ರೂಪಾಯಿಯ ಎರಡು ನಮೂದುಗಳು ಒಂದನ್ನೊಂದು ಹೆಚ್ಚುಕಡಿಮೆ ಹೊಡೆದುಹಾಕಿ ಅಡಗಿ ಕುಳಿತಿರಬಹುದೆಂದು ಅವನಿಗೆ ಗೊತ್ತು. ಕಣಗಳ ಲೋಕದಲ್ಲಿಯೂ ಹೀಗೆಯೇ. ಕ್ವಾಂಟಂ ನಿಯಮದ ಪ್ರಕಾರ ಒಂದು ಮೇಸಾನ್ ಇನ್ನೊಂದಾಗುವ ನಡುವೆ ಭಾರವಾದ ಕಣಗಳು ಕ್ಷಣಮಾತ್ರ ಕಾಣಿಸಿಕೊಂಡು ಮರೆಯಾಗುತ್ತವೆ. ಬೆಳಿಗ್ಗೆ ಕೈಗಡ ತಂದು ಸಂಜೆಯೊಳಗೆ ತೀರಿಸಿದ ಹಾಗೆ. ಅವುಗಳನ್ನು ನೇರವಾಗಿ ಹುಟ್ಟಿಸುವ ಶಕ್ತಿ ನಮ್ಮ ಯಂತ್ರಗಳಿಗೆ ಇಲ್ಲದಿದ್ದರೂ ಅವು ಬಂದು ಹೋದ ಗುರುತು ಮಿಶ್ರಣದ ವೇಗದಲ್ಲಿ ಉಳಿದಿರುತ್ತದೆ.

೧೯೭೦ರ ಹೊತ್ತಿಗೆ ಮೂರೇ ರುಚಿಯ ಕ್ವಾರ್ಕ್‌ಗಳು ಗೊತ್ತಿದ್ದವು. ಮೂರನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರೆ 'ಕೆ' ಮೇಸಾನಿನ ಮಿಶ್ರಣ ಬಹಳ ಹೆಚ್ಚಾಗಿರಬೇಕಿತ್ತು. ಅಳೆದಾಗ ಸಿಕ್ಕಿದ್ದು ಅತ್ಯಲ್ಪ. ಖರ್ಚಿನ ಕಡೆ ದೊಡ್ಡ ಮೊತ್ತವಿದ್ದೂ ಬಾಕಿ ಸಣ್ಣದಾಗಿ ಬಂದರೆ, ಜಮೆಯ ಕಡೆಯೂ ಎಲ್ಲೋ ದೊಡ್ಡ ಮೊತ್ತವೊಂದು ಇರಲೇಬೇಕು. ಗ್ಲಾಶೊ, ಇಲಿಯೊಪೌಲಸ್ ಮತ್ತು ಮಯಾನಿ ಎಂಬ ಮೂವರು ಅದನ್ನೇ ಹೇಳಿದರು: ನಾಲ್ಕನೆಯ ರುಚಿಯೊಂದು ಇದೆ, ಅದೇ ಎದುರು ನಮೂದು ಎಂದು. ೧೯೭೪ರಲ್ಲಿ ಮೇರಿ ಗಯ್ಯಾರ್ ಮತ್ತು ಬೆಂಜಮಿನ್ ಲೀ ಅದರ ತೂಕವನ್ನೂ ಅಂದಾಜು ಮಾಡಿದರು. ಪ್ರೋಟಾನಿನ ಸುಮಾರು ಒಂದೂವರೆ ಪಟ್ಟು. ಅದೇ ನವೆಂಬರಿನಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳಲ್ಲಿ ಏಕಕಾಲಕ್ಕೆ ಚಾರ್ಮ್ ಕ್ವಾರ್ಕ್ ಸಿಕ್ಕಿತು. ಹೀಗೆಯೇ ೧೯೮೭ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ 'ಬಿ' ಮೇಸಾನಿನ ಮಿಶ್ರಣವನ್ನು ಅಳೆದಾಗ ಅದು ಎಣಿಸಿದ್ದಕ್ಕಿಂತ ಬಹಳ ಹೆಚ್ಚಾಗಿ ಕಂಡಿತು. ಹಾಗಾದರೆ ಇನ್ನೂ ಕಾಣದ ಟಾಪ್ ಕ್ವಾರ್ಕ್ ತುಂಬ ಭಾರವಾಗಿರಬೇಕು ಎಂಬ ತೀರ್ಮಾನ ಬಂತು. ೧೯೯೫ರಲ್ಲಿ ಅದು ಅಮೆರಿಕದ ಫರ್ಮಿ ಪ್ರಯೋಗಾಲಯದಲ್ಲಿ ಸಿಕ್ಕಿತು. ಅಲ್ಲಿ ಕೆಲಸ ಮಾಡಿದ ಎರಡು ತಂಡಗಳಲ್ಲಿ ಒಂದರಲ್ಲಿ ನಮ್ಮ ಟಾಟಾ ಸಂಸ್ಥೆಯವರೂ ಇದ್ದರು. ಆ ಒಂದು ಕ್ವಾರ್ಕಿನ ತೂಕ ಚಿನ್ನದ ಒಂದು ಇಡೀ ಪರಮಾಣುವಿನ ತೂಕಕ್ಕಿಂತ ತುಸುವೇ ಕಡಿಮೆ!

ಇಷ್ಟರವರೆಗೆ ಸಿದ್ಧಾಂತ ಗೆದ್ದ ಕತೆ. ನಂಬಿಕೆ ಸೋತ ಕತೆಯೂ ಇದೆ. ಕಣಗಳನ್ನೂ ಪ್ರತಿಕಣಗಳನ್ನೂ ಅದಲುಬದಲು ಮಾಡಿ, ಎಡಬಲಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರೆ ನಿಸರ್ಗದ ನಿಯಮ ಬದಲಾಗದು ಎಂದು ೧೯೬೪ರವರೆಗೆ ವಿಜ್ಞಾನಿಗಳು ದೃಢವಾಗಿ ನಂಬಿದ್ದರು. ಆ ವರ್ಷ ಕ್ರೋನಿನ್, ಫಿಚ್ ಮತ್ತು ಅವರ ಇಬ್ಬರು ಸಂಗಡಿಗರು ದೀರ್ಘಾಯು 'ಕೆ' ಮೇಸಾನುಗಳನ್ನು ಪರಿಶೀಲಿಸಿದರು. ನಂಬಿಕೆ ಸರಿಯಿದ್ದರೆ ಅವು ಎರಡು ಪಯಾನ್‌ಗಳಾಗಿ ಒಡೆಯಲೇಬಾರದು. ೨೨,೭೦೦ ಒಡೆತಗಳಲ್ಲಿ ಸುಮಾರು ೪೫ ಹಾಗೆ ಒಡೆದಿದ್ದವು. ಐದುನೂರಕ್ಕೆ ಒಂದು! ಕೈಬಿಟ್ಟರೆ ಯಾರಿಗೂ ಗೊತ್ತಾಗದಷ್ಟು ಸಣ್ಣ ಬಾಕಿ. ಅವರು ಕೈಬಿಡಲಿಲ್ಲ. ೧೯೭೩ರಲ್ಲಿ ಜಪಾನಿನ ಕೊಬಯಾಶಿ ಮತ್ತು ಮಾಸ್ಕಾವಾ, ಇದಕ್ಕೆ ಕನಿಷ್ಠ ಆರು ರುಚಿಗಳಾದರೂ ಇದ್ದರೆ ಸಮಾಧಾನ ದೊರೆಯುತ್ತದೆ ಎಂದು ತೋರಿಸಿದರು. ಆಗ ಪ್ರಯೋಗಗಳಲ್ಲಿ ಸಿಕ್ಕಿದ್ದುವು ಮೂರೇ. ೨೦೦೧ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿಯೂ ಜಪಾನಿನ ತ್ಸುಕುಬಾದಲ್ಲಿಯೂ 'ಬಿ' ಮೇಸಾನುಗಳ ಮೇಲೆ ನಡೆದ ಪ್ರಯೋಗಗಳು ಅವರ ಮಾತನ್ನು ಎತ್ತಿ ಹಿಡಿದವು. ೨೦೦೮ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಈ ಪರೀಕ್ಷೆಯ ಕ್ರಮ ನೋಡಿ. ಸಿದ್ಧಾಂತ ಸರಿಯಿದ್ದರೆ ಕ್ವಾರ್ಕ್‌ಗಳು ಬೆರೆಯುವ ಪ್ರಮಾಣಗಳನ್ನು ಕಾಗದದ ಮೇಲೆ ಒಂದು ತ್ರಿಕೋನವಾಗಿ ಬರೆಯಬಹುದು. ಬಾಹುಗಳನ್ನು ಒಂದು ಬಗೆಯ ಪ್ರಯೋಗದಿಂದ, ಕೋನಗಳನ್ನು ಇನ್ನೊಂದು ಬಗೆಯಿಂದ ಅಳೆಯುತ್ತಾರೆ. ಎಲ್ಲವೂ ಸೇರಿ ತ್ರಿಕೋನ ಮುಚ್ಚಿಕೊಳ್ಳುತ್ತದೆಯೇ? ಮುಚ್ಚದಿದ್ದರೆ ನಮಗೆ ತಿಳಿಯದ ಹೊಸ ಕಣವೊಂದು ನಡುವೆ ಕೈಯಾಡಿಸಿದೆ ಎಂದರ್ಥ. ಇದು ನಮ್ಮ ನಾಡಿಗೆ ಹೊಸ ಕ್ರಮವೇನಲ್ಲ. ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಅಧಿಕಾರಿ ಮದರಾಸಿನಿಂದ ತ್ರಿಕೋನಗಳ ಸರಪಣಿ ಹೂಡುತ್ತ ಮೈಸೂರು ಸೀಮೆಯನ್ನು ಅಳೆದಾಗ, ಲೆಕ್ಕ ಸರಿ ಬಂತೆಂದು ತೃಪ್ತಿಪಡಲಿಲ್ಲ. ೧೮೦೪ರಲ್ಲಿ ಬೆಂಗಳೂರಿನ ಬಳಿ ನೆಲದ ಮೇಲೆಯೇ ಸರಪಳಿ ಎಳೆಸಿ ಏಳು ಮೈಲಿಗಳಷ್ಟು ಉದ್ದವನ್ನು ಪುನಃ ಅಳೆಸಿದ. ಲೆಕ್ಕಕ್ಕೂ ನೆಲಕ್ಕೂ ಬಂದ ವ್ಯತ್ಯಾಸ ಕೆಲವೇ ಅಂಗುಲಗಳು. ಆಮೇಲೆಯೇ ಅವನ ನಕ್ಷೆಗೆ ಬೆಲೆ ಬಂದದ್ದು.

ಕರ್ನಾಟಕದ ನೆಲದಲ್ಲಿಯೇ ನಡೆದ ಇನ್ನೊಂದು ಪರೀಕ್ಷೆಯನ್ನು ಹೇಳದೆ ಮುಂದೆ ಹೋಗಲಾಗದು. ಅದು ಕೋಲಾರದ ಚಿನ್ನದ ಗಣಿಯದು. ನಂಜನಗೂಡಿನಲ್ಲಿ ೧೯೨೫ರಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು, ಭಾಭಾ ಅವರ ಶಿಷ್ಯರಾಗಿ, ೧೯೫೦ರ ದಶಕದಲ್ಲಿ ಆ ಗಣಿಗಳಲ್ಲಿ ಇಳಿದು ಮ್ಯುಆನ್‌ಗಳನ್ನು ಎಣಿಸತೊಡಗಿದರು. ಮುಂದೆ ಅವರು ೧೯೭೫ರಿಂದ ೧೯೮೭ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾದರು. ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ವಿಜ್ಞಾನ ಮತ್ತು ತತ್ತ್ವಶಾಸ್ತ್ರಗಳ ಸಂಬಂಧವನ್ನು ಚಿಂತಿಸುತ್ತ ೨೦೧೯ರಲ್ಲಿ ತೀರಿಕೊಂಡರು. ಆಳಕ್ಕೆ ಹೋದಷ್ಟೂ ಮ್ಯುಆನ್‌ಗಳು ಕಡಿಮೆಯಾಗುತ್ತವೆ. ಅತ್ಯಂತ ಆಳದಲ್ಲಿ ಎಣಿಕೆಯೇ ನಿಂತುಹೋಯಿತು. ಆ ನಿಶ್ಶಬ್ದವೇ ಬೇಕಾಗಿತ್ತು. ೧೯೬೫ರಲ್ಲಿ ನೆಲದಿಂದ ೨.೩ ಕಿಲೋಮೀಟರು ಕೆಳಗೆ ಭಾರತ, ಇಂಗ್ಲೆಂಡು ಮತ್ತು ಜಪಾನಿನ ವಿಜ್ಞಾನಿಗಳು ಕೂಡಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತನ್ನು ಹಿಡಿದರು. ಜಗತ್ತಿನಲ್ಲಿ ಅದೇ ಮೊದಲು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡವೂ ಅದೇ ವರ್ಷ ಅದನ್ನು ಕಂಡಿತು.

ಆಮೇಲೆ ಬಂತು ಪ್ರೋಟಾನಿನ ಪ್ರಶ್ನೆ. ನಿಸರ್ಗದ ಮೂರು ಬಲಗಳನ್ನು ಒಂದುಗೂಡಿಸುವ ಒಂದು ಸುಂದರವಾದ ಸಿದ್ಧಾಂತ ೧೯೭೪ರಲ್ಲಿ ಹೊರಬಂದಿತ್ತು. ಅದರ ಪ್ರಕಾರ ಪ್ರೋಟಾನ್ ಚಿರಂಜೀವಿಯಲ್ಲ; ಎಣಿಸಲಾಗದಷ್ಟು ದೀರ್ಘಕಾಲವಾದರೂ ಒಂದು ದಿನ ಅದೂ ಒಡೆಯುತ್ತದೆ. ಸಾಕಷ್ಟು ಪ್ರೋಟಾನ್‌ಗಳನ್ನು ಒಟ್ಟಿಗೆ ಇಟ್ಟು ಕಾದರೆ ಒಂದೆರಡಾದರೂ ಒಡೆಯುವುದು ಕಾಣಬೇಕು. ೧೯೮೦ರಲ್ಲಿ ಕೋಲಾರದ ಗಣಿಯ ಆಳದಲ್ಲಿ ಸುಮಾರು ೧೪೦ ಟನ್ ತೂಕದ ಕಬ್ಬಿಣದ ಉಪಕರಣವನ್ನು ಇಟ್ಟು ಕಾದರು. ಕೆಲವು ಗುರುತುಗಳು ಪ್ರೋಟಾನಿನ ಅವಸಾನದಂತೆ ಕಾಣುತ್ತವೆ ಎಂದು ವರದಿ ಮಾಡಿದರು. ಜಗತ್ತು ಕಿವಿ ನಿಮಿರಿಸಿತು. ಆದರೆ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಹೂಡಿದ ಇನ್ನೂ ದೊಡ್ಡ ಉಪಕರಣಗಳಿಗೆ ಅದು ಕಾಣಲಿಲ್ಲ. ಇಂದಿಗೂ ಕಂಡಿಲ್ಲ. ಸಿದ್ಧಾಂತವನ್ನು ಅದರ ಸರಳರೂಪದಲ್ಲಿ ಕೈಬಿಡಬೇಕಾಯಿತು.

ಹಾಗಾದರೆ ಗಣಿಯೊಳಗಿನ ಆ ದುಡಿಮೆ ವ್ಯರ್ಥವಾಯಿತೇ? ಬಿಸಿಗೂ ಬಂಡೆಯ ಸಿಡಿತಕ್ಕೂ ಹೆದರದೆ ಕೆಲಸ ಮಾಡಿದ ಗಣಿಯ ಕಾರ್ಮಿಕರು ಮತ್ತು ವಿಜ್ಞಾನಿಗಳಿಗೆ ಸಂದದ್ದೇನು? ನಮ್ಮ ಅಭಿಪ್ರಾಯದಲ್ಲಿ ಅದು ವ್ಯರ್ಥವಲ್ಲ. ಬರೀ ಸೊಗಸು ಕಂಡು ಯಾವುದನ್ನೂ ಒಪ್ಪಬಾರದು ಎಂಬುದನ್ನು ಲೋಕ ಕಲಿತದ್ದು ಇಂಥ ಕಾಯುವಿಕೆಯಿಂದಲೇ. ಕೋಲಾರದಲ್ಲಿ ಮೊದಲು ಗುರುತು ಸಿಕ್ಕ ಆ ವಾಯುಮಂಡಲದ ನ್ಯೂಟ್ರಿನೊಗಳೇ ೧೯೯೮ರಲ್ಲಿ ಜಪಾನಿನಲ್ಲಿ ಇನ್ನೊಂದು ದೊಡ್ಡ ಸತ್ಯವನ್ನು ಹೊರಗೆಡಹಿದವು: ಮೇಸಾನ್‌ಗಳಂತೆ ನ್ಯೂಟ್ರಿನೊಗಳೂ ಹಾರುತ್ತ ಹಾರುತ್ತ ತಮ್ಮ ರುಚಿಯನ್ನು ಬದಲಿಸುತ್ತವೆ. ಅದನ್ನು ಕಂಡದ್ದು ಪ್ರೋಟಾನಿಗಾಗಿ ಕಾಯಲು ತೊಡಗಿದ ಪರಂಪರೆಯ ಉಪಕರಣವೇ. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಅಲ್ಲಿಂದ ತೆಗೆದ ಚಿನ್ನಕ್ಕಿಂತ ಈ ತಿಳಿವು ಕಡಿಮೆ ಬೆಲೆಯದೆಂದು ನಮಗನಿಸುವುದಿಲ್ಲ.

ಇತ್ತೀಚಿನ ಒಂದು ಪ್ರಸಂಗವಂತೂ ಪ್ರತಿಯೊಂದು ಮನೆಯಲ್ಲಿಯೂ ಹೇಳತಕ್ಕದ್ದು. ಯುರೋಪಿನ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಎಲ್‌ಎಚ್‌ಸಿಬಿ ಎಂಬ ಪ್ರಯೋಗವಿದೆ. ಸುಮಾರು ಸಾವಿರ ವಿಜ್ಞಾನಿಗಳು ಅಲ್ಲಿ 'ಬಿ' ಮೇಸಾನುಗಳನ್ನೇ ಮುಖ್ಯವಾಗಿ ಅಭ್ಯಸಿಸುತ್ತಾರೆ. ಈ ಮೇಸಾನು ಒಡೆಯುವಾಗ ಎಲೆಕ್ಟ್ರಾನ್ ಜೋಡಿಯೂ ಮ್ಯುಆನ್ ಜೋಡಿಯೂ ಸಮಸಮವಾಗಿ ಹೊರಬರಬೇಕೆಂದು ಸಿದ್ಧಾಂತ ಹೇಳುತ್ತದೆ. ೨೦೨೧ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ, ನೂರು ಎಲೆಕ್ಟ್ರಾನ್ ಜೋಡಿಗಳಿಗೆ ಸುಮಾರು ೮೫ ಮ್ಯುಆನ್ ಜೋಡಿಗಳು ಬಂದಿದ್ದವು. ಬರೀ ಆಕಸ್ಮಿಕದಿಂದ ಇಷ್ಟು ವ್ಯತ್ಯಾಸ ಬರುವ ಸಂಭವ ಸಾವಿರಕ್ಕೆ ಒಂದು. ಸಾಮಾನ್ಯರಾದ ನಮಗೆ ಇಷ್ಟು ಸಾಕಾಗಿತ್ತು. ಆದರೆ ಈ ಶಾಸ್ತ್ರದಲ್ಲಿ ಹೊಸದನ್ನು ಕಂಡೆವೆಂದು ಹೇಳಲು ಆ ಸಂಭವ ಸುಮಾರು ೩೫ ಲಕ್ಷದಲ್ಲಿ ಒಂದಕ್ಕಿಂತ ಕಡಿಮೆಯಿರಬೇಕೆಂಬ ಕಟ್ಟಳೆಯಿದೆ. ಅವರು ಅದಕ್ಕೆ ತಲೆಬಾಗಿ, ಇದು ಸುಳಿವು ಮಾತ್ರ ಎಂದರು. ಹೊಸ ಬಲ, ಹೊಸ ಕಣ ಎಂದು ಪತ್ರಿಕೆಗಳು ಸಂಭ್ರಮಿಸಿದವು. ನೂರಾರು ಪ್ರಬಂಧಗಳು ಹೊರಬಂದವು.

೨೦೨೨ರ ಡಿಸೆಂಬರಿನಲ್ಲಿ ಅದೇ ತಂಡ ಮತ್ತೆ ಪ್ರಕಟಣೆ ಹೊರಡಿಸಿತು. ಲೆಕ್ಕವನ್ನು ಇನ್ನಷ್ಟು ಸೂಕ್ಷ್ಮವಾಗಿ ಮಾಡಿದಾಗ, ಎಲೆಕ್ಟ್ರಾನ್ ಎಂದು ಎಣಿಸಿದವುಗಳಲ್ಲಿ ಬೇರೆ ಕಣಗಳು ಸೇರಿಕೊಂಡಿದ್ದುದು ತಿಳಿದಿತ್ತು. ಅವನ್ನು ಕಳೆದರೆ ವ್ಯತ್ಯಾಸ ಮಾಯ. ಸಿದ್ಧಾಂತ ಹೇಳಿದಂತೆಯೇ ಸಮಸಮ. ಇದನ್ನು ಹೇಳಿದವರು ವಿರೋಧಿಗಳಲ್ಲ, ಮೇಲಿನಿಂದ ಬಂದ ತನಿಖಾಧಿಕಾರಿಗಳೂ ಅಲ್ಲ. ಆ ಸುಳಿವು ನಿಜವಾಗಿದ್ದರೆ ಯಾರಿಗೆ ಹೆಚ್ಚಿನ ಕೀರ್ತಿ ಬರುತ್ತಿತ್ತೋ ಅವರೇ ಹೇಳಿದರು.

ಇಂಥ ನಡತೆಗೆ ಮನುಷ್ಯನ ಒಳ್ಳೆಯತನವೊಂದನ್ನೇ ನೆಚ್ಚಿಕೊಳ್ಳುವುದಿಲ್ಲ ಎಂಬುದೂ ಗಮನಾರ್ಹ. ಈ ಪ್ರಯೋಗಗಳಲ್ಲಿ 'ಕುರುಡು ಲೆಕ್ಕ' ಎಂಬ ಪದ್ಧತಿಯಿದೆ. ಅಂತಿಮ ಉತ್ತರವನ್ನು ಲೆಕ್ಕ ಮಾಡುವವರಿಂದಲೇ ಮುಚ್ಚಿಡುತ್ತಾರೆ. ಯಾವ ಘಟನೆಯನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ನಿಯಮಗಳೆಲ್ಲ ನಿಶ್ಚಯವಾಗಿ, ಇನ್ನು ಬದಲಿಸುವುದಿಲ್ಲ ಎಂದು ಎಲ್ಲರೂ ಒಪ್ಪಿದ ಮೇಲೆ ಮುಚ್ಚಳ ತೆಗೆಯುತ್ತಾರೆ. ಏಕೆ? ಉತ್ತರ ಮೊದಲೇ ಕಂಡರೆ, ಮನಸ್ಸಿಗೆ ಬೇಕಾದದ್ದು ಬರುವವರೆಗೆ ಹುಡುಕಿ, ಬಂದೊಡನೆ ನಿಲ್ಲಿಸುವ ಚಪಲ ಎಲ್ಲರಲ್ಲಿಯೂ ಇದೆ, ಪ್ರಾಮಾಣಿಕನಲ್ಲಿಯೂ ಇದೆ. ಫಲದ ಆಸೆ ಬಿಟ್ಟು ಕರ್ಮ ಮಾಡಬೇಕೆಂದು ನಮ್ಮವರು ಸಾವಿರಾರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಆಸೆ ಬಿಡುವುದು ಕಷ್ಟ ಎಂದು ಅರಿತು, ಫಲವನ್ನೇ ಕಣ್ಣಿಗೆ ಬೀಳದಂತೆ ಇಡುವ ಉಪಾಯವನ್ನು ಇವರು ಕಂಡುಕೊಂಡಿದ್ದಾರೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪರೀಕ್ಷೆ ಎಂಬುದು ಅವಮಾನವೇ? ನಮ್ಮ ಸಂಪ್ರದಾಯದಲ್ಲಿ ಪರೀಕ್ಷೆ ಎಂದೊಡನೆ ನೆನಪಾಗುವುದು ಸೀತೆಯ ಅಗ್ನಿಪರೀಕ್ಷೆ. ಅದನ್ನು ಕೇಳಿದಾಗ ನಮ್ಮ ತಾಯಂದಿರು ಕಣ್ಣೀರು ಒರೆಸಿಕೊಂಡದ್ದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಪರೀಕ್ಷೆ ನಿಜವಾಗಿಯೂ ನೋಯಿಸುತ್ತದೆ. ಆದರೆ ೧೯೬೪ರ ಪರೀಕ್ಷೆಯಾಗಲಿ ೨೦೨೨ರ ಮರುಪರೀಕ್ಷೆಯಾಗಲಿ ನಮ್ಮಲ್ಲಿ ಗೌರವವನ್ನು ಹುಟ್ಟಿಸುತ್ತದೆ. ವ್ಯತ್ಯಾಸವೆಲ್ಲಿದೆ? ಸೀತೆಯ ಪ್ರಸಂಗದಲ್ಲಿ ಬೆಂಕಿಗೆ ಇಳಿದವಳು ಒಬ್ಬಳು, ದಡದಲ್ಲಿ ನಿಂತು ನೋಡಿದವರು ಬೇರೆಯವರು. ಪರೀಕ್ಷೆ ಏನೇ ಆದರೂ ನೋಡುವವರು ಕಳೆದುಕೊಳ್ಳುವುದೇನೂ ಇರಲಿಲ್ಲ. ವಿಜ್ಞಾನಿಯಾದರೋ ಬೆಂಕಿಗೆ ಇಳಿಸುವುದು ತನ್ನ ಸಿದ್ಧಾಂತವನ್ನು, ತನ್ನ ವರ್ಷಗಳ ದುಡಿಮೆಯನ್ನು, ತನಗೆ ಬರಬಹುದಾದ ಕೀರ್ತಿಯನ್ನು. ಒರೆಗೆ ಹಚ್ಚುವುದು ಧರ್ಮವೋ ಕ್ರೌರ್ಯವೋ ಎಂಬುದು, ಹಚ್ಚುತ್ತಿರುವುದು ಯಾರ ಚಿನ್ನವನ್ನು ಎಂಬುದರ ಮೇಲೆ ನಿಂತಿದೆ.

ಇದನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಮೂಲಾ ನಕ್ಷತ್ರದ ಹುಡುಗಿ ಬಂದರೆ ಮಾವನಿಗೆ ಕೇಡು, ಕುಜದೋಷವಿದ್ದರೆ ಗಂಡನಿಗೆ ಕೇಡು ಎಂಬ ಮಾತು ಊರು ಬಿಟ್ಟರೂ ನಮ್ಮನ್ನು ಬಿಟ್ಟಿಲ್ಲ. ವಿದ್ಯಾವತಿ, ಕೆಲಸದಲ್ಲಿರುವ ಹುಡುಗಿ, ಮನೆಯವರೂ ಒಳ್ಳೆಯವರು. ಆದರೂ ಜಾತಕ ಹೊರಗೆ ಬಂದೊಡನೆ ಮಾತುಕತೆ ನಿಲ್ಲುತ್ತದೆ. ಒಂದಲ್ಲ ಎರಡಲ್ಲ, ನಮ್ಮ ನಡುವೆ ಎಷ್ಟೋ ಮನೆಗಳಲ್ಲಿ ಹೀಗೆ ಆಗಿದೆ. ಮೂಲಾ ನಕ್ಷತ್ರದ ಸೊಸೆ ಬಂದ ಮನೆಯಲ್ಲಿ ಮಾವ ತೀರಿಕೊಂಡದ್ದನ್ನು ಹತ್ತು ಜನ ಹೇಳುತ್ತಾರೆ. ಮಾವ ಎಂಬತ್ತು ದಾಟಿ ಮೊಮ್ಮಕ್ಕಳನ್ನು ಆಡಿಸಿದ್ದನ್ನು ಯಾರೂ ಹೇಳುವುದಿಲ್ಲ. ಬೇರೆ ನಕ್ಷತ್ರದ ಸೊಸೆ ಬಂದ ಮನೆಯಲ್ಲಿ ಮಾವ ತೀರಿಕೊಂಡದ್ದನ್ನಂತೂ ಯಾರೂ ಎಣಿಸಿಯೇ ಇಲ್ಲ. ಒಂದೇ ಕಡೆಯ ನಮೂದುಗಳಿರುವ ಪುಸ್ತಕವನ್ನು ಯಾವ ಲೆಕ್ಕಾಧಿಕಾರಿಯೂ ಒಪ್ಪುವುದಿಲ್ಲ. ಒಂದು ಹೆಣ್ಣಿನ ಜೀವನವನ್ನು ನಿರ್ಧರಿಸುವಾಗ ಮಾತ್ರ ನಾವು ಒಪ್ಪಿಬಿಡುತ್ತೇವೆ. ಇಲ್ಲಿ ಕಲ್ಲಿಗೆ ಉಜ್ಜಿಸಿಕೊಳ್ಳುವವಳು ಹು��ುಗಿ. ಅವಳನ್ನು ಉಜ್ಜುವ ನಂಬಿಕೆಗೆ ಒಂದು ಗೀರೂ ಬೀಳುವುದಿಲ್ಲ. ಇದು ಅಗ್ನಿಪರೀಕ್ಷೆಯ ಜಾತಿಯ ಪರೀಕ್ಷೆ.

ಹಾಗೆಂದು ಎಲ್ಲವನ್ನೂ ಪರೀಕ್ಷಿಸುತ್ತ ಹೋಗಬೇಕೆಂದು ನಾವು ಹೇಳುವುದಿಲ್ಲ. ಹೆಂಡತಿಯ ಪ್ರೀತಿಯನ್ನು, ಗೆಳೆಯನ ನಿಷ್ಠೆಯನ್ನು ಅಳೆಯಲು ಹೊರಟವನು ಅಳತೆ ಮುಗಿಯುವುದರೊಳಗೆ ಎರಡನ್ನೂ ಕಳೆದುಕೊಂಡಿರುತ್ತಾನೆ. ಮನುಷ್ಯರ ಮೇಲಿಡುವ ವಿಶ್ವಾಸ ಬೇರೆ. 'ಹೀಗೆ ಮಾಡಿದರೆ ಹಾಗಾಗುತ್ತದೆ' ಎಂಬ ಹೇಳಿಕೆಯ ಮೇಲಿಡುವ ನಂಬಿಕೆ ಬೇರೆ. ಮೊದಲನೆಯದು ಕೊಡುಗೆ, ಎರಡನೆಯದು ಲೆಕ್ಕ. ಕೊಡುಗೆಗೆ ರಸೀದಿ ಕೇಳುವುದು ಅಸಭ್ಯತೆ. ಲೆಕ್ಕಕ್ಕೆ ರಸೀದಿ ಕೇಳದಿರುವುದು ಕರ್ತವ್ಯಲೋಪ. ನಾವು ಅನೇಕ ವೇಳೆ ಇವೆರಡನ್ನೂ ಅದಲುಬದಲು ಮಾಡಿಕೊಳ್ಳುತ್ತೇವೆ. ಮನುಷ್ಯರನ್ನು ಸಂಶಯಿಸುತ್ತೇವೆ, ಹೇಳಿಕೆಗಳನ್ನು ಪೂಜಿಸುತ್ತೇವೆ.

ನಮ್ಮ ಸಂಘದ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವ ಒಂದು ಮಾತಿದೆ: "ಎಷ್ಟೇ ವರ್ಷವಾದರೂ ನಮ್ಮ ಮನೆಯಲ್ಲಿ ಕನ್ನಡ ಉಳಿದಿದೆ." ಇದೂ ಒಂದು ಹೇಳಿಕೆ. ಇದನ್ನೂ ಒರೆಗೆ ಹಚ್ಚಬಹುದು. ಆದರೆ ಕುರುಡು ಲೆಕ್ಕದ ನಿಯಮವನ್ನು ಮರೆಯಬಾರದು. ಉಳಿದಿದೆ ಎನ್ನಲು ಏನು ಕಾಣಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಮಗು ಅಜ್ಜಿಗೆ ತಾನೇ ಒಂದು ಪುಟ ಪತ್ರ ಬರೆಯಬೇಕೇ? ಈ ಮಾಸಪತ್ರಿಕೆಯ ಒಂದು ಲೇಖನವನ್ನು ತಡವರಿಸದೆ ಓದಬೇಕೇ? ಅಣ್ಣತಂಗಿಯರು ತಾವಿಬ್ಬರೇ ಇದ್ದಾಗ ಜಗಳವಾಡುವ ಭಾಷೆ ಕನ್ನಡವಾಗಿರಬೇಕೇ? ನಿಶ್ಚಯಿಸಿ, ಆಮೇಲೆ ನೋಡಬೇಕು. ಮೊದಲು ನೋಡಿ, ಕಂಡದ್ದಕ್ಕೆ ತಕ್ಕಂತೆ ನಿಯಮ ಮಾಡಿದರೆ ಎಲ್ಲ ಮನೆಗಳೂ ತೇರ್ಗಡೆಯಾಗುತ್ತವೆ, ಕನ್ನಡ ಮಾತ್ರ ನಪಾಸಾಗುತ್ತದೆ. ಒಂದು ಎಚ್ಚರ: ಇಲ್ಲಿ ಪರೀಕ್ಷೆಗೆ ಕೂರುವುದು ಮಗುವಲ್ಲ, ನಮ್ಮ ಹೇಳಿಕೆ. ಉತ್ತರ 'ಇಲ್ಲ' ಎಂದು ಬಂದರೆ ಮಗುವನ್ನು ಗದರಿಸುವಂತಿಲ್ಲ. ದಿನಕ್ಕೆ ಅರ್ಧ ಗಂಟೆ ನಾವೇ ಜೊತೆಗೆ ಕುಳಿತು ಓದಿಸಬೇಕಾಗುತ್ತದೆ.

ಇಷ್ಟೆಲ್ಲ ಪರೀಕ್ಷೆಗಳ ಬಳಿಕ ಕಣಶಾಸ್ತ್ರದ ಸಿದ್ಧಾಂತದ ಗತಿ ಏನಾಯಿತು? ಅದು ನಿಂತಿದೆ. ಬಹುಶಃ ಮನುಷ್ಯನ ಇನ್ನಾವ ನಂಬಿಕೆಯೂ ಇಷ್ಟು ಒರೆಗೆ ನಿಂತಿಲ್ಲ. ೨೦೦೬ರಲ್ಲಿ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕೋಟಿ ಬಾರಿ ರೂಪ ಬದಲಿಸುವ 'ಬಿ-ಎಸ್' ಮೇಸಾನನ್ನು ಅಳೆದಾಗಲೂ ಅದು ನಿಂತಿತು. ಅದೇ ಮೇಸಾನು ನೂರು ಕೋಟಿಗೆ ಮೂರು ನಾಲ್ಕು ಬಾರಿ ಮಾತ್ರ ಎರಡು ಮ್ಯುಆನ್‌ಗಳಾಗಿ ಒಡೆಯಬೇಕೆಂಬ ಅದರ ಮಾತನ್ನು ಸರ್ನ್ ಸಂಸ್ಥೆಯ ಎಲ್‌ಎಚ್‌ಸಿಬಿ ಮತ್ತು ಸಿಎಂಎಸ್ ತಂಡಗಳು ೨೦೧೫ರಲ್ಲಿ ಕೂಡಿ ಪ್ರಕಟಿಸಿದ ಲೆಕ್ಕವೂ ಸಮರ್ಥಿಸಿತು. ನಮ್ಮ ಪಾಷಾಣದ ಐಸರ್ ಸಂಸ್ಥೆಯವರು ಇಂದು ಆ ಸಿಎಂಎಸ್ ಸಹಯೋಗದಲ್ಲಿದ್ದಾರೆ. ತ್ಸುಕುಬಾದಲ್ಲಿ ೨೦೧೯ರಿಂದ ಮಾಹಿತಿ ಸಂಗ್ರಹಿಸುತ್ತಿರುವ ಹೊಸ ಉಪಕರಣದ ಸೂಕ್ಷ್ಮ ಸಿಲಿಕಾನ್ ಪದರಗಳಲ್ಲಿ ಒಂದನ್ನು ಟಾಟಾ ಸಂಸ್ಥೆಯವರು ಕಟ್ಟಿದ್ದಾರೆ.

ಆದರೂ ಯಾರೂ ತೃಪ್ತರಾಗಿಲ್ಲ. ಈ ಸಿದ್ಧಾಂತದಲ್ಲಿ ಗುರುತ್ವಾಕರ್ಷಣೆಗೆ ಸ್ಥಾನವಿಲ್ಲ. ವಿಶ್ವದಲ್ಲಿ ಕಣಗಳೇ ತುಂಬಿಕೊಂಡು ಪ್ರತಿಕಣಗಳು ಏಕಿಲ್ಲವಾದವು ಎಂಬುದಕ್ಕೆ ಅದು ಕೊಡುವ ಉತ್ತರ ಸಾಲುವುದಿಲ್ಲ. ಆದ್ದರಿಂದ ಅದನ್ನು ನಂಬಿದವರೇ ಅದರಲ್ಲಿ ಬಿರುಕು ಹುಡುಕುತ್ತಿದ್ದಾರೆ. ನಂಬಿಕೆಯನ್ನು ಪ್ರೀತಿಸುವ ಈ ಕ್ರಮ ನಮಗೆ ಬಹಳ ದೊಡ್ಡದೆನಿಸುತ್ತದೆ. ತಾನು ಹಿಡಿದದ್ದನ್ನು ಗಟ್ಟಿಯಾಗಿ ಹಿಡಿದು ಅದರ ಮೇಲೆ ಭಾರ ಹಾಕಿ ನಡೆಯುವುದು. ಅದೇ ವೇಳೆಗೆ, ಎಲ್ಲಿ ಮುರಿಯಬಹುದು ಎಂದು ತಾನೇ ಬಡಿದು ನೋಡುತ್ತಿರುವುದು.

ನಾಳೆ ಮಕ್ಕಳು ಊಟಕ್ಕೆ ಕುಳಿತು ಏಕೆ ಎಂದು ಕೇಳಿದರೆ ಅವರು ನಮ್ಮ ಹಿರಿಯರನ್ನು ಅವಮಾನಿಸುತ್ತಿದ್ದಾರೆಂದು ತಿಳಿಯಬೇಕಾಗಿಲ್ಲ. ನಾವು ಕೊಟ್ಟದ್ದನ್ನು ಇಟ್ಟುಕೊಳ್ಳುವ ಮನಸ್ಸು ಇರುವುದರಿಂದಲೇ ಅವರು ಕೇಳುತ್ತಾರೆ. ಬೇಡವಾದದ್ದನ್ನು ಯಾರೂ ಪರೀಕ್ಷಿಸುವುದಿಲ್ಲ, ಸುಮ್ಮನೆ ಬಿಟ್ಟು ಹೋಗುತ್ತಾರೆ. ಕೆಲವು ಆಚಾರಗಳು ಅವರ ಪ್ರಶ್ನೆಯ ಮುಂದೆ ನಿಲ್ಲಲಾರವು. ಆ ಮೂಲಾ ನಕ್ಷತ್ರದ ಮಾತು ನಿಲ್ಲದಿದ್ದರೆ ಅಷ್ಟೂ ಒಳ್ಳೆಯದು. ಯಾರದೋ ಮನೆಯ ಹುಡುಗಿ ನೆಮ್ಮದಿಯಿಂದ ಉಸಿರಾಡಿಯಾಳು. ನಿಂತದ್ದು ಇನ್ನು ಮುಂದೆ ನಮ್ಮ ಹೇರಿಕೆಯಾಗಿರದೆ ಅವರ ಸ್ವಂತದ್ದಾಗುತ್ತದೆ. ಊರಿನಿಂದ ಇಷ್ಟು ದೂರ ಹೊತ್ತು ತಂದದ್ದರಲ್ಲಿ ಅಷ್ಟಾದರೂ ಅವರ ಕೈಗೆ ಸೇರಿದರೆ ಸಾಕು.